9 ಮಳೆಗಾಲ ಕಂಡ ಕಾರು, ಹೆಬ್ಬೆರಳಿನಷ್ಟು ವಾಲ್ವು

ತೀರ್ಥಹಳ್ಳಿಯಲ್ಲಿ 9 ಮಳೆಗಾಲ ಕಂಡ ಕಾರು ನನ್ನದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್, 78,000 ಕಿಲೋಮೀಟರ್ ಓಡಿದೆ. ಮೈಲೇಜು, ಸೀಟು, ಡಿಕ್ಕಿ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ. ನನಗೆ ಹೇಳಬೇಕಿರುವುದು ಆಯಿಲ್ ಸೋರಿಕೆಯ ಕಥೆ.

ಎರಡು ವರ್ಷದ ಹಿಂದೆ ಇಂಜಿನ್ನು, ಗೇರ್‌ಬಾಕ್ಸು ಕೂಡುವ ಜಾಗದಿಂದ ಆಯಿಲ್ ತೊಟ್ಟಿಕ್ಕತೊಡಗಿತು. ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡದ, ಹಿಂದಿನ ಸೀಲ್ ಹೋಗಿದೆ ಎಂದರು ಗ್ಯಾರೇಜಿನವರು. ಸೀಲೆಂದರೆ ರಬ್ಬರಿನ ಬಳೆ ಅಷ್ಟೇ. ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. 7,500 ರೂಪಾಯಿ ಕೊಟ್ಟೆ. ನಾಲ್ಕೇ ತಿಂಗಳಿಗೆ ಮತ್ತೆ ಹನಿ! ಮಾರಿಬಿಡೋಣ ಅನ್ನುವಷ್ಟು ಸಿಟ್ಟು ಬಂತು.

ಆಮೇಲೆ ತೋರಿಸಿದ ಹಳೇ ಮೆಕ್ಯಾನಿಕ್ ಕಾರಿನ ಕೆಳಗೆ ಬಗ್ಗಲೇ ಇಲ್ಲ. ಬಾನೆಟ್ ಎತ್ತಿ, ಇಂಜಿನ್ನಿನ ಹೊಟ್ಟೆಯ ಗ್ಯಾಸು ಹೊರಬರುವ ಹೆಬ್ಬೆರಳಿನಷ್ಟು ಪಿಸಿವಿ ವಾಲ್ವ್ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದರು. ಟಕಟಕ ಅನ್ನಬೇಕಿತ್ತು, ಸದ್ದೇ ಇಲ್ಲ. “ಉಸಿರು ಕಟ್ಟಿದೆ ಸರ್, ಸೀಲ್ ಏನು ಮಾಡುತ್ತೆ ಪಾಪ?” ಎಂದರು.

ಪಿಸ್ಟನ್ ರಿಂಗು ಎಷ್ಟೇ ಚೆನ್ನಾಗಿರಲಿ, ಉರಿದ ಗ್ಯಾಸು ಒಂದಿಷ್ಟು ಕ್ರ್ಯಾಂಕ್ ತಿರುಗುವ ಗೂಡಿಗೆ ನುಸುಳುತ್ತದೆ. ಅದನ್ನು ಇನ್‌ಟೇಕಿಗೆ ಎಳೆದು ಮತ್ತೆ ಸುಡಿಸುವ ದಾರಿ ಈ ವಾಲ್ವು. ಒಳಗೊಂದು ಸ್ಪ್ರಿಂಗು, ಒಂದು ಪುಟ್ಟ ಪ್ಲಂಜರ್. ಐಡ್ಲಿಂಗ್‌ನಲ್ಲಿ ಎಳೆತ ಜಾಸ್ತಿ, ಆಗ ದಾರಿ ಕಿರಿದಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅಗಲವಾಗುತ್ತದೆ. ಅದೇ ಕಟ್ಟಿಕೊಂಡರೆ ಒತ್ತಡ ಹೋಗುವುದೆಲ್ಲಿಗೆ? ಸೀಲಿನ ಸಂದಿಯಲ್ಲಿ ಆಯಿಲನ್ನು ಹೊರಗೆ ದಬ್ಬುತ್ತದೆ.

ಕಟ್ಟಿಕೊಂಡದ್ದು ನನ್ನ ಓಡಾಟದಿಂದ. ಮನೆಯಿಂದ ಅಂಗಡಿಗೆ 2 ಕಿಲೋಮೀಟರ್. ಇಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ಆಫ್. ಒಳಗಿನ ನೀರಾವಿ ಆಯಿಲಿಗೆ ಸೇರಿ ಮಜ್ಜಿಗೆ ಬಣ್ಣದ ಲೋಳೆಯಾಗುತ್ತದೆ. ಮಳೆಗಾಲದಲ್ಲಿ ಆಯಿಲ್ ಕ್ಯಾಪಿನ ಅಡಿಯಲ್ಲಿ ನೋಡಿ, ಗೊತ್ತಾಗುತ್ತದೆ. ಜೊತೆಗೆ ಕೂಲೆಂಟೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಯ ಭಾಗ ಕೂಡುವಲ್ಲಿ ಇರುವ ಪದರ) ತೋರಿಸಿ, ಅದು ಬೇರೆ ಕಾಯಿಲೆ.

ಹೊಸ ವಾಲ್ವಿಗೆ 350 ರೂಪಾಯಿ. ಆ ಗ್ಯಾಸು ಹಾಯುವ ಬ್ರೀದರ್ ಪೈಪನ್ನೂ ತೊಳೆದರು. ಸೀಲ್ ಮುಟ್ಟಲಿಲ್ಲ. ಹನಿ ನಿಂತು 11 ತಿಂಗಳಾಯಿತು. ಸಿಟ್ಟೂ ಇಳಿಯಿತು. ಇಂಜಿನ್ನಿನಲ್ಲಿ ದೋಷವೇ ಇರಲಿಲ್ಲ ಅಲ್ವಾ?

ಈಗ ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಕಾರಿನಡಿ ಹಾಸಿಟ್ಟ ರಟ್ಟು ಎಳೆದು ನೋಡುತ್ತೇನೆ. ಆಮೇಲೆ ಸ್ಟಾರ್ಟ್ ಮಾಡಿ, ಆಯಿಲ್ ಕ್ಯಾಪ್ ತೆಗೆದು, ಹಳೇ ಕ್ಯಾಲೆಂಡರ್ ಹಾಳೆಯ ಚೂರು ಆ ಬಾಯಿಗೆ ಇಡುತ್ತೇನೆ. ಮೆಲ್ಲಗೆ ಅಂಟಿಕೊಂಡರೆ ಉಸಿರಾಟ ಸರಿಯಿದೆ. ಎತ್ತಿ ಬಿಸಾಡಿದರೆ ಗ್ಯಾರೇಜಿಗೆ. ಅಂಟಿಕೊಂಡ ದಿನ ಸುಮ್ನೆ ಆಗುಂಬೆ ತನಕ ಹೋಗಿ ಬರುತ್ತೇನೆ, ಆಯಿಲ್ ಚೆನ್ನಾಗಿ ಕಾಯಲಿ ಅಂತ.