ಮರುಪ್ರಸಾರ ಹಾಕಿ, ಆದ್ರೆ ಕಂತುಗಳನ್ನು ಕಲಸಬೇಡಿ

ಜನಪ್ರಿಯ ಧಾರಾವಾಹಿಗಳನ್ನು ಚಾನೆಲ್‌ಗಳು ಮತ್ತೆ ಹಾಕೋದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಇನ್ನೂ ಹಾಕಲಿ ಅನ್ನುವವಳು ನಾನು. ತಕರಾರಿರುವುದು ಹಾಕುವ ರೀತಿಯ ಬಗ್ಗೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡ್ತೀನಿ. ವಾರದಲ್ಲಿ ಐದು ದಿನವೂ ಒಂದೇ ಹೊತ್ತಿಗೆ, ದಿನಕ್ಕೊಂದು ಕಂತು ಹಾಕುವ ಪದ್ಧತಿ ನಿಜಕ್ಕೂ ಒಳ್ಳೆಯದು. ಮೊದಲ ಸಲ ವಾರಕ್ಕೊಂದರಂತೆ ಕಾಯಿಸಿದ ಕಥೆ ಈಗ ದಿನಾ ಸಿಗುತ್ತದೆ. ಅಮೆರಿಕದ 'ಸ್ಟಾರ್ ಟ್ರೆಕ್' ನೋಡಿ. 1966ರಲ್ಲಿ ಶುರುವಾಗಿ, ನೋಡುಗರು ಸಾಲದೆ 1969ರಲ್ಲಿ 79 ಕಂತಿಗೇ ನಿಂತುಹೋಯಿತು. ಆಮೇಲೆ ಅಲ್ಲಿನ ಸ್ಥಳೀಯ ಸ್ಟೇಷನ್‌ಗಳು ಅದನ್ನೇ ಮತ್ತೆ ಮತ್ತೆ ಹಾಕಿದಾಗ ಅಭಿಮಾನಿಗಳು ಬೆಳೆಯುತ್ತಾ ಹೋದರು, 1979ರಲ್ಲಿ ಅದರ ಸಿನಿಮಾನೂ ಬಂತು. ಅಂದ್ರೆ ಮರುಪ್ರಸಾರದಲ್ಲೇ ಮೊದಲ ಸಲ ನೋಡುವವರು ಎಷ್ಟೋ ಜನ ಇರ್ತಾರೆ ಅಲ್ವಾ? ಎಲ್ಲರೂ ಮುಂಚೆಯೇ ನೋಡಿರ್ತಾರೆ ಅಂದುಕೊಂಡು ಹಾಕಿದರೆ ಇವರ ಗತಿ ಏನು?

ನಾನು ನೋಡುವ ಒಂದು ಚಾನೆಲ್‌ನಲ್ಲಿ ಎರಡು ಭಾಗದ ಕಂತು ಬಂದಿತ್ತು. ನಾಯಕಿ ಬಾಗಿಲಿನ ಚಿಲಕಕ್ಕೆ ಕೈ ಹಾಕುವ ಹೊತ್ತಿಗೆ ಸರಿಯಾಗಿ 'ಮುಂದುವರಿಯುವುದು' ಅಂತ ಬಿತ್ತು. ಮಾರನೇ ದಿನ ಅದೇ ಹೊತ್ತಿಗೆ ಟಿವಿ ಹಾಕಿದರೆ ಬೇರೆಯೇ ಸೀಸನ್, ಬೇರೆಯೇ ಮನೆ, ಅವಳಿಗೆ ಆಗಲೇ ಮದುವೆಯೂ ಆಗಿದೆ. ಎರಡನೇ ಭಾಗ ಆ ವಾರ ಬರಲೇ ಇಲ್ಲ. ಟಿವಿ ಗೈಡ್ ತೆಗೆದು ನೋಡಿದರೆ ಅಲ್ಲಿ ಬರೀ ಧಾರಾವಾಹಿಯ ಹೆಸರು, ಕಂತಿನ ನಂಬರೂ ಇಲ್ಲ. ನನಗೆ ನಿಜವಾಗಿಯೂ ಸಿಟ್ಟು ಬಂತು.

ಕೆಲವೊಮ್ಮೆ ಚಾನೆಲ್ ಕೈಯಲ್ಲಿ ಎಲ್ಲ ಸೀಸನ್‌ಗಳ ಹಕ್ಕೂ ಇರುವುದಿಲ್ಲ, ಇರುವಷ್ಟನ್ನೇ ತಿರುಗಿಸಿ ತಿರುಗಿಸಿ ಹಾಕಬೇಕಾಗುತ್ತದೆ. ಅದು ಅರ್ಥವಾಗುತ್ತದೆ. ಆದರೆ ಇರುವುದನ್ನು ಸಾಲಾಗಿ ಹಾಕೋಕೆ ಏನು ಕಷ್ಟ? ಗೈಡ್‌ನಲ್ಲಿ ಸೀಸನ್, ಕಂತಿನ ನಂಬರ್ ಕೊಡೋಕೆ ದುಡ್ಡೇನೂ ಜಾಸ್ತಿ ಬೇಕಾಗಲ್ಲ.

ಇನ್ನೊಂದು ಬೇಜಾರು ಕತ್ತರಿಯದ್ದು. ಜಾಹೀರಾತಿಗೆ ಜಾಗ ಮಾಡಲು ಶೀರ್ಷಿಕೆ ಗೀತೆ ಅರ್ಧಕ್ಕೆ ನಿಲ್ಲುತ್ತದೆ, ಸಣ್ಣಪುಟ್ಟ ದೃಶ್ಯಗಳು ಹಾರಿಹೋಗುತ್ತವೆ, ಕೆಲವು ಕಡೆ ಕಂತನ್ನೇ ಒಂಚೂರು ವೇಗವಾಗಿ ಓಡಿಸ್ತಾರೆ. ಹಾಸ್ಯ ಧಾರಾವಾಹಿಯಲ್ಲಿ ಒಂದು ಮಾತಿಗೂ ಅದರ ಉತ್ತರಕ್ಕೂ ನಡುವೆ ನಟರು ಬೇಕಂತಲೇ ಬಿಟ್ಟ ಆ ಒಂದು ಕ್ಷಣ ಹೋದರೆ ನಗುವೇ ಬರಲ್ಲ. ಕೊನೆಯಲ್ಲಿ ದುಡಿದವರ ಹೆಸರುಗಳನ್ನು ಮೂಲೆಗೆ ಒತ್ತಿ ಮೇಲೆ ಪ್ರೋಮೋ ಓಡಿಸೋದಂತೂ ಅನ್ಯಾಯ.

ಸಮಯಪಾಲನೆಗೆ ಐದಕ್ಕೆ ನಾಲ್ಕು ಕೊಡ್ತೀನಿ, ಕಂತುಗಳ ಕ್ರಮಕ್ಕೆ ಒಂದು. ಒಂದೇ ಕಂತಿಗೆ ಕಥೆ ಮುಗಿಯುವ ಧಾರಾವಾಹಿಯಾದರೆ ಧಾರಾಳವಾಗಿ ಮರುಪ್ರಸಾರದಲ್ಲೇ ನೋಡಿ. ಕಥೆ ಮುಂದುವರಿಯುವಂಥದ್ದಾದರೆ, ಮೊದಲ ಸಲ ನೋಡುವವರು ಬೇರೆಲ್ಲಾದರೂ ಸಾಲಾಗಿ ಸಿಗುತ್ತದಾ ಅಂತ ಹುಡುಕಿಕೊಳ್ಳಿ.