ತೋಟದ ಪಿಕಪ್‌ಗೆ ರಸ್ಟ್ ಕನ್ವರ್ಟರ್ ಹಾಕಬಹುದಾ?

ಹಾಕಬಹುದು. ರಸ್ಟ್ ಕನ್ವರ್ಟರ್ ಅಂದರೆ ತುಕ್ಕಿನ ಮೇಲೇ ಹಚ್ಚೋ, ಅದನ್ನು ಕಪ್ಪು ಪದರವಾಗಿ ಬದಲಿಸೋ ದ್ರವ. ಆದರೆ ತುಕ್ಕು ಎಷ್ಟು ಆಳಕ್ಕೆ ಇಳಿದಿದೆ ಅಂತ ಮೊದಲು ನೋಡಿಕೊಳ್ಳಿ. ಮೂಡಿಗೆರೆ ಕಡೆ ನಮ್ಮ ತೋಟ, ಅಲ್ಲಿ ದುಡಿದ ಹಳೇ ಟಾಟಾ 207ನ್ನು ಮನೆ ಅಂಗಳದಲ್ಲೇ ಬಿಚ್ಚಿಕೊಂಡು ರಿಪೇರಿ ಮಾಡುತ್ತಿದ್ದೇನೆ. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಹಾಳಾಗಿರೋದೆಲ್ಲ ತಗಡು. ಎರಡು ಬಗೆಯ ಕನ್ವರ್ಟರ್ ಹಚ್ಚಿ, ಒಂದು ಮಳೆಗಾಲ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಡಬ್ಬಿ ಹಿಂದೆ ಫಾಸ್ಫಾರಿಕ್ ಆಸಿಡ್ ಅಂತ ಇದೆಯಾ, ಟ್ಯಾನಿಕ್ ಆಸಿಡ್ ಅಂತ ಇದೆಯಾ, ಅದನ್ನು ನೋಡಿ ಸಾಕು.

ನಮ್ಮ ಕಡೆ ಪಿಕಪ್ ತುಕ್ಕು ಹಿಡಿಯೋದು ಬರೀ ಮಳೆಯಿಂದಲ್ಲ. ಹಿಂದೆ ಪೊಟ್ಯಾಶ್ ಗೊಬ್ಬರದ ಮೂಟೆ ಹೇರುತ್ತೇವೆ, ಒಂದು ಮೂಟೆ ಹರಿದರೆ ಪುಡಿಯೆಲ್ಲ ಮೂಲೆಗೆ ಸೇರುತ್ತದೆ. ಅದು ಕ್ಲೋರೈಡ್ ಉಪ್ಪು, ನೀರು ತಾಗಿತೋ ಕಬ್ಬಿಣ ತಿನ್ನೋಕೆ ಶುರು. ಮೈಲುತುತ್ತ (ಕಾಪರ್ ಸಲ್ಫೇಟ್) ಇನ್ನೂ ಕೆಟ್ಟದ್ದು. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡೋ ಬೋರ್ಡೋ ದ್ರಾವಣ ಸರಿಯಾಗಿದೆಯಾ ಅಂತ ಕತ್ತಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಕಮ್ಮಿಯಾಗಿದ್ದರೆ ಅಲಗಿನ ಮೇಲೆ ಕೆಂಪು ತಾಮ್ರ ಕೂರುತ್ತದೆ, ಅಷ್ಟು ಕಬ್ಬಿಣ ಕರಗಿ ಹೋಯಿತು ಅಂತಲೇ ಅರ್ಥ. ಸುಣ್ಣ ಸೇರಿಸೋ ಮೊದಲು ಮೈಲುತುತ್ತದ ನೀರು ಡ್ರಮ್ಮಿಂದ ಚೆಲ್ಲಿದರೆ ಗಾಡಿಯ ತಗಡಿಗೂ ಇದೇ ಗತಿ. ನನ್ನ ಗಾಡಿಯಲ್ಲಿ ಡ್ರಮ್ ಇಡುತ್ತಿದ್ದ ಜಾಗದಲ್ಲಿ ದುಂಡಗೆ ಸವೆದು ಹೋಗಿತ್ತು.

ಹಾಗಾಗಿ ಕನ್ವರ್ಟರ್ ಡಬ್ಬಿ ತೆಗೆಯೋ ಮೊದಲು ಚೆನ್ನಾಗಿ ತೊಳೆಯಬೇಕು. ಉಪ್ಪು ಒಳಗೇ ಉಳಿದರೆ ಮೇಲೆ ಏನು ಹಚ್ಚಿದರೂ ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ. ಒಣಗಿದ ಮೇಲೆ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಸಡಿಲ ಚಕ್ಕೆಯೆಲ್ಲ ಉದುರಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ, ಬ್ರಷ್‌ನ ತಂತಿ ಕಿತ್ತು ಹಾರುತ್ತದೆ. ಆಮೇಲೆ ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ ನೋಡಿ. ತೂರಿ ಆಚೆ ಬಂದರೆ ಅಲ್ಲಿ ಯಾವ ಕನ್ವರ್ಟರ್ರೂ ಬೇಡ, ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ನಾನು ತಂದ ಒಂದು ಡಬ್ಬಿ ಮೇಲೆ ಉಜ್ಜೋದೇ ಬೇಡ, ಹಚ್ಚಿದರೆ ಸಾಕು ಅಂತ ಬರೆದಿತ್ತು. ಅದು ಸುಳ್ಳು. ಚಕ್ಕೆ ಉಜ್ಜದೆ ಹಾಗೇ ಬಿಟ್ಟ ಜಾಗದಲ್ಲಿ ಮೇಲಿನ ಪದರ ಮಾತ್ರ ಕಪ್ಪಾಗುತ್ತದೆ, ಮೊದಲ ಜೋರು ಮಳೆಗೆ ಚಕ್ಕೆ ಸಮೇತ ಎದ್ದು ಬರುತ್ತದೆ. ಈ ಮಾತು ನಂಬಿ ದುಡ್ಡು ಕಳೆದುಕೊಳ್ಳೋರನ್ನು ನೋಡಿದರೆ ಬೇಜಾರಾಗುತ್ತದೆ.

ಟ್ಯಾನಿಕ್ ಬಗೆಯದು ಹಾಲಿನ ಹಾಗೆ ಬೆಳ್ಳಗಿರುತ್ತದೆ. ಹಚ್ಚಿದ ಸ್ವಲ್ಪ ಹೊತ್ತಿಗೇ ಅಂಚಿನಿಂದ ನೇರಳೆಗೆ ತಿರುಗಿ, ಆಮೇಲೆ ಪೂರ್ತಿ ಕಪ್ಪಾಗುತ್ತದೆ. ತುಕ್ಕು ಇದ್ದ ಕಡೆ ಮಾತ್ರ ಹಿಡಿಯುತ್ತದೆ, ಉಜ್ಜಿ ಹೊಳೆಯೋ ಕಬ್ಬಿಣಕ್ಕೆ ಸರಿಯಾಗಿ ಅಂಟುವುದಿಲ್ಲ. ದಪ್ಪಗೆ ಒಂದೇ ಸಲ ಬಳಿಯಬೇಡಿ, ತೆಳ್ಳಗೆ ಎರಡು ಕೋಟ್ ಕೊಡಿ. ಕ್ಯಾಬಿನ್ ನೆಲಕ್ಕೆ, ಡೋರ್ ಕೆಳಗಿನ ಅಂಚಿಗೆ ಇದನ್ನೇ ಹಾಕಿದ್ದು, ಮಳೆಗಾಲ ಮುಗಿದರೂ ಗುಳ್ಳೆ ಎದ್ದಿಲ್ಲ. ನನಗೆ ಇಷ್ಟವಾದದ್ದು ಇದೇ.

ಫಾಸ್ಫಾರಿಕ್‌ದು ನೀರಿನ ಹಾಗೆ ತೆಳು. ಬೋಲ್ಟ್, ಬ್ರಾಕೆಟ್, ಕೊಂಡಿಗಳಂಥ ಬಿಚ್ಚಿದ ಸಾಮಾನಿಗೆ ಒಳ್ಳೆಯದು, ಸಂದಿಗೂ ಇಳಿಯುತ್ತದೆ. ಆದರೆ ಡಬ್ಬಿಯಲ್ಲಿ ಹೇಳಿದ ಹಾಗೆ ಮಿಕ್ಕಿದ ಆಸಿಡ್ ತೆಗೆಯಲೇಬೇಕು. ಅದು ಉಳಿದಿದ್ದರೆ ಪೇಂಟಿಗೆ ಮುಂಚೆ ಮೇಲೆ ಹೊಡೆದ ಎಪಾಕ್ಸಿ ಪ್ರೈಮರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕೈಗೆ ಗ್ಲೌಸ್ ಬೇಕೇ ಬೇಕು.

ಎರಡರಲ್ಲಿ ಯಾವುದೇ ಆಗಲಿ, ಮೇಲೆ ಪ್ರೈಮರ್, ಪೇಂಟ್ ಹೊಡೆಯದೆ ಬಿಟ್ಟರೆ ನಮ್ಮ ಮಳೆಗೆ ನಿಲ್ಲುವುದಿಲ್ಲ. ಗಾಳಿಯಲ್ಲಿ ತೇವ ಶೇ. 85 ದಾಟಿದ್ದರೆ ಪೇಂಟ್ ಕೆಲಸ ಬೇಡ ಅನ್ನೋದು ಪೇಂಟಿಂಗ್‌ನಲ್ಲಿ ಎಲ್ಲ ಕಡೆ ಪಾಲಿಸೋ ನಿಯಮ. ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಯೋಚನೆಯೇ ಬಿಡಿ. ಜನವರಿ, ಫೆಬ್ರವರಿಯ ಬಿಸಿಲು ಸರಿ, ಅದೂ ಇಬ್ಬನಿ ಪೂರ್ತಿ ಆರಿದ ಮೇಲೆ.

ಚಾಸಿ ಒಳಭಾಗಕ್ಕೆ ಕನ್ವರ್ಟರ್ ತಲುಪುವುದಿಲ್ಲ, ಅಲ್ಲಿಗೆ ಉದ್ದ ಪೈಪಿನ ನಳಿಗೆಯಲ್ಲಿ ವ್ಯಾಕ್ಸ್ ಸ್ಪ್ರೇ ಮಾಡೋದೇ ದಾರಿ. ಮಳೆಗಾಲಕ್ಕೆ ಮುಂಚೆ ಹಳೇ ಎಂಜಿನ್ ಆಯಿಲ್ ಬಳಿಯೋ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ, ರಬ್ಬರ್ ಬುಷ್‌ಗಳು ಊದಿಕೊಂಡು ಹಾಳಾಗುತ್ತವೆ, ತೊಟ್ಟಿಕ್ಕಿದ್ದೆಲ್ಲ ತೋಟದ ಮಣ್ಣಿಗೇ ಸೇರುತ್ತದೆ.

ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್‌ಗಿಂತ ಕನ್ವರ್ಟರ್ ಬೆಲೆ ಜಾಸ್ತಿ, ನಿಜ. ಆದರೆ ಮೇಲ್ಮೈ ತುಕ್ಕಿಗೆ ಕೊಟ್ಟ ದುಡ್ಡು ದಂಡ ಆಗಲ್ಲ. ಚಿಕ್ಕಮಗಳೂರಲ್ಲೋ ಹಾಸನದಲ್ಲೋ ತರುವಾಗ ಚಿಕ್ಕ ಡಬ್ಬಿ ತನ್ನಿ, ತಯಾರಾದ ತಾರೀಖು ನೋಡಿಯೇ ತನ್ನಿ. ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಸುರಿದುಕೊಳ್ಳಿ. ತುಕ್ಕು ತಾಗಿದ ಬ್ರಷ್ ನೇರ ಡಬ್ಬಿಗೆ ಅದ್ದಿದರೆ ಉಳಿದದ್ದೂ ಅಲ್ಲೇ ಕಪ್ಪಾಗಿ ಕೆಡುತ್ತದೆ.