ಪಕ್ಕದ ಜೆನೆರಿಕ್ ಮೆಡಿಕಲ್ಸ್: ಮಾತ್ರೆ ಅಗ್ಗ, ಆದರೆ ಯಾರಿಗೆ?

ದಾವಣಗೆರೆಯಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಗೋಡೆಗೆ ಅಂಟಿಕೊಂಡೇ ಒಂದು ಜೆನೆರಿಕ್ ಮೆಡಿಕಲ್ಸ್ ಇದೆ, ಅಂದರೆ ದೊಡ್ಡ ಕಂಪನಿಯ ಬ್ರಾಂಡ್ ಹೆಸರಿಲ್ಲದೆ, ಔಷಧದ ಹೆಸರಲ್ಲೇ ಮಾತ್ರೆಯನ್ನು ಅಗ್ಗಕ್ಕೆ ಮಾರುವ ಅಂಗಡಿ. ನನ್ನ ಶುಗರ್‌ಗೆ ಮೆಟ್‌ಫಾರ್ಮಿನ್ 500, ಅಮ್ಮನ ಬಿಪಿಗೆ ಟೆಲ್ಮಿಸಾರ್ಟನ್ 40, ಎರಡೂ ಅಲ್ಲಿಂದಲೇ. ಮೊದಲು ಕೊಡುತ್ತಿದ್ದುದರ ಅರ್ಧಕ್ಕಿಂತ ಕಮ್ಮಿ ದುಡ್ಡಲ್ಲಿ ತಿಂಗಳು ಸಾಗುತ್ತದೆ. ರಕ್ತ ಪರೀಕ್ಷೆ ಮಾಡಿಸುತ್ತಲೇ ಇದ್ದೇನೆ, ಶುಗರ್ ಹಿಡಿತದಲ್ಲಿದೆ. ಅಂಗಡಿಯ ಹುಡುಗಿ ಫಾರ್ಮಸಿ ಓದಿದವಳು. ಚೀಟಿಯಲ್ಲಿನ ಕಂಪನಿ ಹೆಸರಿನ ಕೆಳಗೆ ಔಷಧದ ಹೆಸರನ್ನು ಪೆನ್ನಲ್ಲಿ ಬರೆದು, ಪಕ್ಕಕ್ಕೆ ಸ್ಟ್ರಿಪ್ ಇಟ್ಟು ತೋರಿಸುತ್ತಾಳೆ. "ನೋಡಿ ಅಂಕಲ್, ಒಳಗಿರೋದು ಇದೇ." ಐದಕ್ಕೆ ನಾಲ್ಕು ಸ್ಟಾರ್.

ಇನ್ನೊಂದು ಸ್ಟಾರ್ ಯಾಕಿಲ್ಲ ಅಂದರೆ, ಅಲ್ಲಿಗೆ ಬರುವವರು ಹೆಚ್ಚಾಗಿ ರಿಟೈರ್ಡ್ ಮೇಷ್ಟ್ರು, ಬ್ಯಾಂಕಿನವರು. ಮೂರು ತಿಂಗಳ ಮಾತ್ರೆ ಒಟ್ಟಿಗೆ ಒಯ್ಯುತ್ತಾರೆ. ಮಂಡಕ್ಕಿ ಭಟ್ಟಿಯವರು, ಗಾರೆ ಕೆಲಸದವರು ಮಾತ್ರ ಎದುರಿನ ಹಳೇ ಮೆಡಿಕಲ್‌ಗೇ ಹೋಗಿ ಜಾಸ್ತಿ ದುಡ್ಡು ಕೊಡುತ್ತಾರೆ. ಅವರಿಗೇನು ಲೆಕ್ಕ ಬರಲ್ಲ ಅಂತಲ್ಲ. ಅಲ್ಲಿ ಉದ್ರಿ ಬರೆಸಬಹುದು. ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಡುತ್ತಾರೆ. ರಾತ್ರಿ ಹತ್ತಕ್ಕೂ ಬಾಗಿಲು ತೆಗೆದಿರುತ್ತದೆ. ಇಲ್ಲಿ ಏಳೂವರೆಗೇ ಶಟರ್ ಕೆಳಗೆ, ಪೂರ್ತಿ ಸ್ಟ್ರಿಪ್ಪೇ ತಗೋಬೇಕು, ನಗದೇ ಕೊಡಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಅದು ತೆರೆದಿರುವುದು ಇವರು ದುಡಿಯುವ ಹೊತ್ತಲ್ಲೇ. ಅರ್ಧ ದಿನದ ಕೂಲಿ ಹೋದರೆ ಅದೆಂಥ ಪುಕ್ಕಟೆ?

ಭಟ್ಟಿ ಕೆಲಸದ ಅಕ್ಕ ಒಬ್ಬಳು ಆಧಾರ್ ಜೆರಾಕ್ಸ್‌ಗೆ ಬಂದಿದ್ದಾಗ, ಮಾತ್ರೆ ಈ ಪಕ್ಕದ ಅಂಗಡೀಲೇ ತಗೋ ಅಂದೆ. "ಬ್ಯಾಡ ಬಿಡಣ್ಣ. ಡಾಕ್ಟ್ರು ಬರ್ದಿದ್ದೇ ಇರ್ಲಿ. ಇದ್ರಾಗೆ ಏನಾರ ಹೆಚ್ಚುಕಮ್ಮಿ ಆಗಿ ಮಲಗಿದ್ರೆ ಭಟ್ಟಿಗೆ ಯಾರು ಹೋಗ್ತಾರೆ?" ಅಂದಳು. ನನಗೆ ಬೇರೆ ಮಾತ್ರೆ ತಿಂದು ನೋಡುವ ಧೈರ್ಯ ಇದೆ, ಆಮೇಲೆ ಲ್ಯಾಬ್‌ಗೆ ಹೋಗಲು ದುಡ್ಡೂ ಇದೆ. "ಜೆನೆರಿಕ್ ಬರೀರಿ ಸಾರ್" ಅಂತ ಡಾಕ್ಟರಿಗೆ ಹೇಳೋಕೂ ನನಗೆ ಬಾಯಿ ಬರುತ್ತದೆ. ಅವಳಿಗೆ ಡಾಕ್ಟರ ಮುಂದಿನ ಕುರ್ಚಿಯ ಮೇಲೆ ಕೂರಲಿಕ್ಕೇ ಮುಜುಗರ.

ಡಾಕ್ಟರುಗಳು ಜೆನೆರಿಕ್ ಹೆಸರೇ ಬರೆಯಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ನನ್ನ ಅಂಗಡಿಗೆ ಬರುವ ಚೀಟಿಗಳಲ್ಲಿ ಈಗಲೂ ಕಂಪನಿ ಹೆಸರುಗಳೇ.

ಬಿಡಿ ಮಾತ್ರೆ ಕೊಡಿ, ಒಂಬತ್ತರ ತನಕ ತೆಗೆದಿರಿ ಅಂತ ಮಾಲೀಕರಿಗೆ ಹೇಳಿದ್ದೇನೆ. ಬಿಡಿ ಮಾತ್ರೆಗೆ ಒಪ್ಪಿದರು. ಟೈಮಿನ ಬಗ್ಗೆ ನೋಡೋಣ ಅಂದರು. ಉದ್ರಿ ಮಾತ್ರ ಸುತಾರಾಂ ಆಗಲ್ಲವಂತೆ, ಈ ಲಾಭದಲ್ಲಿ ಗಿಟ್ಟಲ್ಲವಂತೆ. ಅದೂ ಸರಿಯೇ. ಹೋಗುವವರು ಚೀಟಿ ಮರೆಯಬೇಡಿ, ಭಾನುವಾರ ರಜೆ.